ನಲವತ್ತೇಳನೇ ನಂಬರಿನ ದನಿ

ಹೋದ ವಾರ ರಾಣೆಬೆನ್ನೂರಿನ ನಮ್ಮ ಹಳೆಯ ಕಾಲೇಜಿಗೆ ಹೋಗಿದ್ದೆ. ಅಂಕಪಟ್ಟಿಯ ನಕಲು ಬೇಕಿತ್ತು. ಮೂಲಪ್ರತಿಯನ್ನು ನಮ್ಮ ಮನೆಯ ಇಲಿ ನನಗಿಂತ ಹೆಚ್ಚು ಶ್ರದ್ಧೆಯಿಂದ ಓದಿ ಮುಗಿಸಿತ್ತು. ಆಫೀಸಿನ ಕಿಟಕಿಯ ಮುಂದೆ ಒಂದು ತಾಸು ನಿಂತ ಮೇಲೆ "ನಾಳೆ ಬರ್ರಿ" ಎಂಬ ಉತ್ತರ ಸಿಕ್ಕಿತು. ಹಿಂದಿರುಗಿ ನೋಡಿದರೆ ಪ್ಯೂನ್ ಫಕ್ಕೀರಪ್ಪ ನೋಟಿಸ್ ಬೋರ್ಡಿಗೆ ಒಂದು ಉದ್ದನೆಯ ಪಟ್ಟಿ ಅಂಟಿಸುತ್ತಿದ್ದ. ತಗಡಿನ ಡಬ್ಬಿಯಲ್ಲಿ ನಿನ್ನೆಯೋ ಮೊನ್ನೆಯೋ ಕುದಿಸಿಟ್ಟ ಮೈದಾಹಿಟ್ಟಿನ ಅಂಟು, ಅದರ ಹುಳಿ ವಾಸನೆ. ಹಾಜರಿ ಕಡಿಮೆಯಾದವರ ಪಟ್ಟಿ ಅದು.

"ಏನೋ ಮಂಜುನಾಥಪ್ಪ, ಈಗ ಯಾರ್ಯಾರ ದನಿ ತಗೀತಿ?" ಎಂದ.

"ಈಗ ನನ್ನ ದನಿ ಒಂದ ಐತಿ ಅಣ್ಣಾ. ಅದನ್ನೂ ಮನ್ಯಾಗ ಯಾರೂ ಕೇಳಂಗಿಲ್ಲ."

ಅವನು ನಕ್ಕ. ನಾನೂ ನಕ್ಕೆ, ಅಭ್ಯಾಸದಿಂದ. ಆದರೆ ಆ ಹುಳಿ ವಾಸನೆ ಮೂಗಿಗೆ ಹೊಕ್ಕ ಕೂಡಲೇ ಐದು ವರ್ಷದ ಹಿಂದಿನ ಇನ್ನೊಂದು ಪಟ್ಟಿ ನೆನಪಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಅದು ನಮ್ಮ ಬಿ.ಕಾಂ ಕೊನೆಯ ವರ್ಷ. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ. ಬ್ಯಾಡಗಿಯಿಂದ ಹೊರಟ ಬಸ್ಸು ಅಲ್ಲಲ್ಲಿ ನಿಂತು, ಅಗೆದ ಮಣ್ಣಿಗೆ ಇಳಿದು, ಮತ್ತೆ ಏರಿ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ನಮ್ಮೆಲ್ಲರ ತಲೆ ನಮ್ಮ ಅಜ್ಜಂದಿರ ತಲೆಯಂತೆ ಬೆಳ್ಳಗಾಗಿರುತ್ತಿತ್ತು. ಮೊದಲ ತಾಸು ಸಂಖ್ಯಾಶಾಸ್ತ್ರ. ಪಾಟೀಲ ಸರ್. ಆ ತಾಸಿನ ಹಾಜರಿಯೇ ಇಡೀ ದಿನದ ಹಾಜರಿ.

ಪಾಟೀಲ ಸರ್ ಒಳ್ಳೆಯವರು. ಯಾರನ್ನೂ ಬೈಯುತ್ತಿರಲಿಲ್ಲ. ಬೈಯಲು ತಲೆ ಎತ್ತಬೇಕಲ್ಲ? ಮೂಗು ರಿಜಿಸ್ಟರಿಗೆ ತಾಗುವಷ್ಟು ಬಾಗಿ, "ಫೋರ್ಟಿ ಒನ್... ಫೋರ್ಟಿ ಟೂ..." ಎಂದು ಬಾವಿಯೊಳಗಿಂದ ಎಂಬಂತೆ ಕರೆಯುತ್ತಿದ್ದರು. ಯಾವುದೋ ಮೂಲೆಯಿಂದ "ಪ್ರೆಸೆಂಟ್ ಸರ್" ಬಂದರೆ ಗೀಟು, ಬರದಿದ್ದರೆ ಸೊನ್ನೆ. ಅವರಿಗೆ ನಾವು ಮುಖಗಳಾಗಿರಲಿಲ್ಲ, ನಂಬರುಗಳಾಗಿದ್ದೆವು.

ನಂಬರಿಗೆ ಬೇಕಾದದ್ದು ಬರೀ ದನಿ. ಅದು ನನ್ನ ಬಳಿ ಬೇಕಾದಷ್ಟಿತ್ತು. ಹನ್ನೆರಡು ಜನ ಗಿರಾಕಿಗಳಿದ್ದರು. ಕರ್ಜಗಿಯವನು ಅಪ್ಪನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವನದು ಗಂಟಲು ಕಟ್ಟಿದ ದನಿ. ಅಗಡಿಯವನು ಊರ ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ. ಅವನಿಗೆ ವರ್ಷವಿಡೀ ನೆಗಡಿ ಇಟ್ಟಿದ್ದೆ. ಒಬ್ಬ ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಅವನ ದನಿಗೆ ಒಂದು ಕೆಮ್ಮು ಉಚಿತ. ನನ್ನ ಸಂಭಾವನೆ ಒಂದು ಪ್ಲೇಟು ಮಂಡಕ್ಕಿ ಗಿರ್ಮಿಟ್ಟು, ಎರಡು ಮಿರ್ಚಿ ಬಜ್ಜಿ. ಆ ವರ್ಷ ನಾನು ದಪ್ಪಗಾದೆ. ಬುದ್ಧಿಯಲ್ಲಿ ಅಲ್ಲ.

ಕಸ್ತೂರಿ ನಲವತ್ತೇಳು. ನಮ್ಮ ಓಣಿಯವಳೇ. ಅವಳ ಅಪ್ಪನದು ಬ್ಯಾಡಗಿಯಲ್ಲಿ ಹರಿದ ಗೋಣಿಚೀಲ ಹೊಲಿದು ಮಾರುವ ಅಂಗಡಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಏಳನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಿವಿ ಒಯ್ದಿತ್ತು. ಅಷ್ಟೊತ್ತಿಗೆ ಮಾತು ಕಲಿತಿದ್ದಳಾದ್ದರಿಂದ ಮಾತು ಉಳಿದಿತ್ತು. ಏರಿಳಿತವಿಲ್ಲದ ಸಪಾಟು ಮಾತು. ಕೊರಳಿಗೆ ಹಾಕುವ ಕಿವಿಯ ಮಷೀನು ಒಂದಿತ್ತು, ಪೆಟ್ಟಿಗೆಯಲ್ಲಿಟ್ಟುಬಿಟ್ಟಿದ್ದಳು. "ಫ್ಯಾನು, ಬಸ್ಸು, ಪಾಟೀಲ ಸರ್ ಮೂರೂ ಒಂದ ಥರಾ ಗುಂಯ್ ಅಂತಾವ" ಎಂಬುದು ಅದಕ್ಕೆ ಕಾರಣ.

ಅವಳು ಕೇಳುತ್ತಿದ್ದದ್ದು ಕಣ್ಣಿನಿಂದ. ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಪಾಟೀಲ ಸರ್ ತುಟಿ ಮಾತ್ರ ದಕ್ಕುತ್ತಿರಲಿಲ್ಲ. "ಮೀಸಿ ಓದಾಕ ಬರಂಗಿಲ್ಲೋ ಮಂಜ್ಯಾ" ಎನ್ನುತ್ತಿದ್ದಳು. ಅವರು ಬೋರ್ಡಿಗೆ ಮುಖ ಮಾಡಿ ಮಾತಾಡುವಾಗ ಆ ಮೀಸೆಯೂ ಕಾಣುತ್ತಿರಲಿಲ್ಲ. ಹಾಗಾಗಿ ಬೋರ್ಡಿನ ಮೇಲೆ ಬಿದ್ದ ಪ್ರತಿ ಗೆರೆಯನ್ನೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಕೆಂಪಾಗಿರುತ್ತಿತ್ತು. ನಮಗೆ ಬೇಸರವಾದರೆ ಕಿಟಕಿಯಾಚೆ ನೋಡುತ್ತಿದ್ದರೂ ಪಾಠ ಕಿವಿಗೆ ಬೀಳುತ್ತದೆ. ಅವಳು ಒಮ್ಮೆ ಕಿಟಕಿಯಾಚೆ ನೋಡಿದರೆ ಪಾಠ ಅಲ್ಲಿಗೇ ತುಂಡಾಗುತ್ತಿತ್ತು.

ಹಾಜರಿಗೂ ಒಂದು ಉಪಾಯ ಮಾಡಿಕೊಂಡಿದ್ದಳು. ಮೊದಲ ಬೆಂಚಿನಲ್ಲಿ ಕುಳಿತು ಸರ್ ಪೆನ್ನಿನ ಹೊಡೆತ ಎಣಿಸುತ್ತಿದ್ದಳು. ನಲವತ್ತಾರು ಹೊಡೆತ ಮುಗಿದ ಕೂಡಲೇ ಕೈ ಎತ್ತುತ್ತಿದ್ದಳು. ಲೆಕ್ಕ ಒಮ್ಮೆಯೂ ತಪ್ಪುತ್ತಿರಲಿಲ್ಲ. ಬಾಯಿಂದ ಮಾತ್ರ ಹೇಳುತ್ತಿರಲಿಲ್ಲ; ಅವಳ ದನಿಗೆ ಹಿಂದಿನ ಬೆಂಚುಗಳು ನಗುವುದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಿದರೆ ನಗು ಕಾಣುತ್ತದಲ್ಲ.

ಕೈಯೇನೋ ಸರಿಯಾದ ಹೊತ್ತಿಗೆ ಏರುತ್ತಿತ್ತು. ಸರ್ ತಲೆ ಏರುತ್ತಿರಲಿಲ್ಲ.

ಜೂನ್ ಕೊನೆಗೆ ಒಂದು ದಿನ ರಿಜಿಸ್ಟರನ್ನು ಸ್ಟಾಫ್ ರೂಮಿಗೆ ಒಯ್ಯುವ ಕೆಲಸ ನನಗೆ ಬಿತ್ತು. ದಾರಿಯಲ್ಲಿ ತೆರೆದು ನೋಡಿದೆ. ನನ್ನ ಗಿರಾಕಿಗಳೆಲ್ಲ ಗೀಟಿನ ಮೇಲೆ ಗೀಟು ಹೊಡೆಸಿಕೊಂಡು ಮೆರೆಯುತ್ತಿದ್ದರು. ನಲವತ್ತೇಳರ ಮುಂದೆ ಸಾಲಾಗಿ ಸೊನ್ನೆ. ದನಿಯ ವ್ಯಾಪಾರಕ್ಕೆ ಬರುತ್ತಿದ್ದ ನನ್ನನ್ನು ಬಿಟ್ಟರೆ, ಇಡೀ ತರಗತಿಯಲ್ಲಿ ಒಂದು ದಿನವೂ ತಪ್ಪಿಸದವಳು ಅವಳೊಬ್ಬಳೇ.

ಮರುದಿನದಿಂದ ನಲವತ್ತೇಳಕ್ಕೂ ನಾನೇ "ಪ್ರೆಸೆಂಟ್ ಸರ್" ಎಂದೆ. ಸಣ್ಣಗೆ, ಜೇನು ಸವರಿದ ಹಾಗೆ ಒಂದು ಹೆಣ್ಣುದನಿ. ಗಿರ್ಮಿಟ್ಟೂ ಕೇಳಲಿಲ್ಲ. ನನ್ನ ಉದಾರತೆಗೆ ನಾನೇ ಬೆರಗಾಗಿದ್ದೆ. ಆದರೆ ಅವಳಿಗೆ ಹೇಳಲಿಲ್ಲ. ಸರ್‌ಗೂ ಹೇಳಲಿಲ್ಲ. "ಸರ್, ಆ ಹುಡುಗಿ ಕೈ ಎತ್ತತಾಳ್ರಿ, ಒಮ್ಮೆ ನೋಡ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವರು ತಲೆ ಎತ್ತಿದರೆ ನನ್ನ ಹನ್ನೆರಡು ಗಿರಾಕಿಗಳ ಗತಿಯೇನು? ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಆ ಚಳಿಗಾಲದಲ್ಲಿ ಕಸ್ತೂರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದಳು. ಪಾಠ ಮಾಡುವಾಗ ತರಗತಿಯ ಕಡೆ ಮುಖ ಮಾಡಬೇಕು, ಬಾಯಿಂದ ಹೇಳುವ ಸೂಚನೆಗಳನ್ನು ಬೋರ್ಡಿನ ಮೇಲೂ ಬರೆಯಬೇಕು, ಪರೀಕ್ಷೆಯಲ್ಲಿ ಅರ್ಧ ತಾಸು ಹೆಚ್ಚು ಕೊಡಬೇಕು. ಮೂರೇ ಸಾಲು. ಆಫೀಸಿನವರು ಹೊಸ ಸರ್ಟಿಫಿಕೇಟು ತಾ ಎಂದರು. ಅದಕ್ಕಾಗಿ ಹಾವೇರಿಯ ಕಚೇರಿಯೊಂದಕ್ಕೆ ಅಲೆದಾಟ ಶುರುವಾಯಿತು. ಮೊದಲ ಸಲ ಡಾಕ್ಟರು ರಜೆ. ಎರಡನೇ ಸಲ ಕಿವಿ ಪರೀಕ್ಷೆಯ ಯಂತ್ರ ಕೆಟ್ಟಿತ್ತು. ಮೂರನೇ ಸಲ ಗುಮಾಸ್ತ ಫೋಟೋ ತಿರಸ್ಕರಿಸಿದ: "ಅಂಗವಿಕಲತೆ ಕಾಣೂವಂಥಾ ಫೋಟೋ ಬೇಕು."

ಜೊತೆಗೆ ಹೋಗಿದ್ದ ಕಾಕಾ, "ಕಿವಿ ಕೇಳದ್ದು ಫೋಟೋದಾಗ ಹೆಂಗ ಕಾಣಬೇಕ್ರಿ ಸಾಹೇಬ್ರ?" ಎಂದು ಕೇಳಿದರಂತೆ.

"ಅದು ನಂಗೊತ್ತಿಲ್ರಿ. ಫಾರಂನ್ಯಾಗ ಹಂಗ ಐತಿ."

ಕೊನೆಗೆ ಸ್ಟುಡಿಯೋದಲ್ಲಿ ಮುಖ ತಿರುಗಿಸಿ ಬರೀ ಕಿವಿ ಕಾಣುವ ಹಾಗೆ ತೆಗೆಸಿದರು. ಅದನ್ನು ಹಿಡಿದು ನಾಲ್ಕನೇ ಸಲ ಹಾವೇರಿಗೆ ಹೋದರು. ನಮ್ಮ ಗ್ರಹಚಾರ ಕೆಟ್ಟದ್ದು ಆ ದಿನವೇ.

ಅವಳು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಬಾಯಿಗೆ ಗೊತ್ತಿರಲಿಲ್ಲ. "ಫೋರ್ಟಿ ಸಿಕ್ಸ್" ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಸರ್ ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿಯಲು ಎದ್ದು ನಿಂತರು. ಆ ವರ್ಷ ಮೊದಲ ಸಲ ತಲೆ ಎತ್ತಿ, "ಫೋರ್ಟಿ ಸೆವೆನ್" ಎಂದರು.

"ಪ್ರೆಸೆಂಟ್ ಸರ್," ಎಂದಿತು ಜೇನು ಸವರಿದ ನನ್ನ ಬಾಯಿ.

ಅವರ ಕಣ್ಣು ಮೊದಲ ಬೆಂಚಿನ ಖಾಲಿ ಮೂಲೆಯ ಮೇಲೆ ನಿಂತಿತು.

"ಫೋರ್ಟಿ ಸೆವೆನ್ ಅಂದ್ರ ಮೊನ್ನೆ ಅರ್ಜಿ ಕೊಟ್ಟ ಆ ಕಿವಿ ಕೇಳದ ಹುಡುಗಿ ಅಲ್ಲೇನು? ಎಲ್ಲಿ ಅದಾಳ ಆಕಿ?"

ಯಾರೋ ಕಿಸಕ್ಕೆಂದರು.

"ಆಕೀಗೆ ನಂಬರ ಕೇಳಂಗಿಲ್ಲ. ಅಂದ ಮ್ಯಾಲೆ ಜೂನಿಂದ ಇಲ್ಲೀತನಕಾ ಪ್ರೆಸೆಂಟ್ ಅಂದವರ್ಯಾರು?"

ಸಂಖ್ಯಾಶಾಸ್ತ್ರದ ತಲೆ. ತರ್ಕ ಒಂದು ಹೆಜ್ಜೆಯೂ ತಪ್ಪಲಿಲ್ಲ, ಉತ್ತರವೊಂದು ತಪ್ಪಿತು. ದನಿ ಸುಳ್ಳಾದರೆ ಹುಡುಗಿ ಬಂದದ್ದೂ ಸುಳ್ಳು ಎಂದುಕೊಂಡರು. ಕೆಂಪು ಪೆನ್ನು ತೆಗೆದು ನಲವತ್ತೇಳರ ಮುಂದಿನ ಎಲ್ಲ ಗೀಟುಗಳಿಗೂ ಸುತ್ತು ಹಾಕಿದರು. ಆಗ ನಾನು ಎದ್ದು ನಿಲ್ಲಬೇಕಿತ್ತು. ಬೆಂಚಿನ ಮೇಲೆ ಯಾರೋ ಕೊರೆದಿದ್ದ ಹೆಸರನ್ನು ತಿರುತಿರುಗಿ ಓದುತ್ತ ಕುಳಿತೆ.

ಮೂರನೇ ದಿನ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ಹಸಿ ಅಂಟು, ಹುಳಿ ವಾಸನೆ. ಹಾಜರಿ ಸಾಲದೆ ಪರೀಕ್ಷೆಯ ಹಾಲ್ ಟಿಕೆಟು ಸಿಗದವರಲ್ಲಿ ಮೊದಲ ಹೆಸರು ಕಸ್ತೂರಿಯದು. ಅವಳ ಕೈಯಲ್ಲಿ ಹಾವೇರಿಯ ಹೊಸ ಸರ್ಟಿಫಿಕೇಟಿತ್ತು, ಕಿವಿಯ ಫೋಟೋ ಅಂಟಿಸಿದ್ದು. ಪಟ್ಟಿಯನ್ನು ಎರಡು ಸಲ ಓದಿ ಬೆರಳಿನಿಂದ ತನ್ನ ನಂಬರು ಮುಟ್ಟಿ ನೋಡಿದಳು. ಅಂಟು ಬೆರಳಿಗೆ ಹತ್ತಿತು.

ಸಂಜೆ ಬಸ್ಸಿನಲ್ಲಿ ಹೇಳಿದೆ. ಒಂದೇ ಸಲಕ್ಕೆ ಹೇಳಲಾಗಲಿಲ್ಲ. ಬಸ್ಸು ಕುಣಿಯುತ್ತಿತ್ತು, ನನ್ನ ತುಟಿಯೂ ನೆಟ್ಟಗಿರಲಿಲ್ಲ.

"ಬಾಯಿ ಬಿಟ್ಟು ಹೇಳು. ಹಲ್ಲಾಗ ಹೇಳಬ್ಯಾಡ," ಎಂದಳು.

ಮೂರನೇ ಸಲಕ್ಕೆ ತಿಳಿಯಿತು. ಆಮೇಲೆ ಕೇಳಿದಳು: "ನಾ ದಿನಾ ಕೈ ಎತ್ತತಿದ್ನಲ್ಲೋ?"

"ಸರ್ ನೋಡತಿರಲಿಲ್ಲ."

"ನೀ ನೋಡತಿದ್ದೆಲ್ಲ?"

ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾರ ನನಗ ಒಂದ ಮಾತು ಹೇಳಿದ್ರ ಏನಾಗತಿತ್ತು? ನಾ ಎದ್ದು ಹೋಗಿ ಟೇಬಲ್ ಮುಂದ ನಿಂದರತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಕಾಕಾ ಕಾಲೇಜು ಮೂರು ವರ್ಷ ಅಂದರೆ ಮೂರೇ ವರ್ಷ ಎಂದು ಮೊದಲೇ ಹೇಳಿದ್ದರು. ಡಿಗ್ರಿ ಮುಗಿದರೆ ಅಂಗವಿಕಲರ ಮೀಸಲಿನಲ್ಲಿ ಸರ್ಕಾರಿ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಹಾಲ್ ಟಿಕೆಟು ಸಿಗದಿದ್ದರೆ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ದಬ್ಬಳದಿಂದ ಚೀಲ ಹೊಲಿಯುವುದು. ಅದನ್ನು ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆ ಅಂಗಡಿಯ ಮುಂದೆಯೇ ನಾವಿಬ್ಬರೂ ಬಸ್ಸಿನಿಂದ ಇಳಿದೆವು.

ಆಮೇಲಿನ ದಿನಗಳೆಲ್ಲ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಳೆದವು. ಮೊದಲ ದಿನ ಅವರು ಮೀಟಿಂಗಿನಲ್ಲಿದ್ದರು. ಎರಡನೇ ದಿನ ಅರ್ಜಿ ಬರೆದುಕೊಡಿ ಎಂದರು. ಮೂರನೇ ದಿನ ಅದನ್ನೇ ಬೇರೆ ಹಾಳೆಯಲ್ಲಿ ಬರೆಸಿದರು. ಕಾಕಾ ಅಂಗಡಿ ಮುಚ್ಚಿ ಬರುತ್ತಿದ್ದರು, ಅಂಗಿಯ ತೋಳಿಗೆ ಗೋಣಿಯ ನಾರು ಹತ್ತಿರುತ್ತಿತ್ತು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ, ಮದುವೆಮನೆಗೆ ಕರೆಯದೆ ಬಂದವನ ಹಾಗೆ. ನಾಲ್ಕನೇ ದಿನ ಒಳಗೆ ಕರೆದರು. ಪಾಟೀಲ ಸರ್ ಕೂಡ ಅಲ್ಲಿದ್ದರು, ತಲೆ ತಗ್ಗಿಸಿ.

ಪ್ರಿನ್ಸಿಪಾಲರು ಕಾಕಾನ ಕಡೆ ನೋಡಿ, "ನಿಮ್ಮ ಮಗಳಿಗೆ ಹೇಳ್ರಿ, ನಿಯಮ ಅಂದ್ರ ನಿಯಮ," ಎಂದರು. ಕಾಕಾ ನನ್ನ ಕಡೆ ನೋಡಿದರು. ನಾನು ಕಸ್ತೂರಿಯ ಕಡೆ ನೋಡಿದೆ.

"ಸರ್, ನನ್ನ ಕಡೆ ನೋಡಿ ಮಾತಾಡ್ರಿ," ಎಂದಳು ಕಸ್ತೂರಿ. "ನನಗ ತಿಳೀತೈತಿ."

ಆ ಸಪಾಟು ದನಿ ಕೋಣೆಯ ತುಂಬ ನಿಂತಿತು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಅವಳ ಕಡೆ ತಿರುಗಿದರು. "ಪ್ರಾಕ್ಸಿ ಹಾಕಿಸ್ಕೊಂಡೀಯಲ್ಲವಾ?"

"ಆಕಿ ಹಾಕಿಸ್ಕೊಂಡಿಲ್ರಿ ಸರ್," ಎಂದೆ. "ನಾನ ಹಾಕೇನಿ. ಆಕೀಗೆ ಗೊತ್ತಿರಲಿಲ್ಲ. ಇನ್ನೂ ಹನ್ನೆರಡು ಮಂದೀಗೆ ಹಾಕೇನಿ."

"ಹನ್ನೆರಡು ದನಿ ತಗೀತಿ ನೀ? ತಗೀ ನೋಡೂಣು."

ತೆಗೆದೆ. ಸರ್ಕಸ್ಸಿನ ಕೋತಿಯ ಹಾಗೆ ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತು ಒಂದೊಂದೇ ನಂಬರು ಹೇಳಿ ಒಂದೊಂದೇ ದನಿ ಬಿಟ್ಟೆ. ಗಂಟಲು ಕಟ್ಟಿದವನು, ನೆಗಡಿಯವನು, ಕೆಮ್ಮಿನವನು. ಮೂಲೆಯಲ್ಲಿ ಕೂತಿದ್ದ ಟೈಪಿಸ್ಟ್ ಬಾಯಿಗೆ ಸೆರಗು ಅಡ್ಡ ಹಿಡಿದರು. ಪಾಟೀಲ ಸರ್ ಮಾತ್ರ ಪ್ರತಿ ದನಿಗೂ ಇನ್ನಷ್ಟು ಕುಗ್ಗಿದರು. ನೆಗಡಿಯವನ ಸರದಿ ಬಂದಾಗ, "ಪಾಪ, ಆ ಹುಡುಗಗ ಔಷಧ ತಗೋ ಅಂತ ಹೇಳಬೇಕು ಅಂದ್ಕೊಂಡಿದ್ದೆ," ಎಂದು ಮೀಸೆಯೊಳಗೇ ಗೊಣಗಿದರು. ನನ್ನ ಜೀವನದ ಅತಿ ಒಳ್ಳೆಯ ಪ್ರದರ್ಶನ ಅದು.

"ನಲವತ್ತೇಳು?" ಎಂದರು ಪ್ರಿನ್ಸಿಪಾಲರು.

ಕಸ್ತೂರಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಜೇನು ದನಿಯಲ್ಲಿ ಹೇಳಿದೆ. ಮುಗಿದ ಮೇಲೆ ಅವಳು ಅಪ್ಪನ ತೋಳು ಮುಟ್ಟಿ ಕೇಳಿದಳು: "ಅಪ್ಪಾ, ನನ್ನಂಗ ಇತ್ತೇನು?"

ಕಾಕಾ ಅವಳ ಕಡೆ ಮುಖ ಮಾಡಿ ನಿಧಾನವಾಗಿ, "ಇಲ್ಲವ್ವಾ," ಎಂದರು.

ಪ್ರಿನ್ಸಿಪಾಲರು ಕುರ್ಚಿಗೆ ಒರಗಿದರು. "ನೀ ಸುಳ್ಳು ಹೇಳಿದ್ದು ಖರೇ ಆತು. ಆಕಿ ಕ್ಲಾಸಿಗೆ ಬಂದದ್ದು ಖರೇ ಅಂತ ಹೆಂಗ ನಂಬೂದು?"

ಕಸ್ತೂರಿ ಚೀಲದಿಂದ ಮೂರು ದಪ್ಪ ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. ದಿನದಿನದ ತಾರೀಖು, ದಿನದಿನದ ಬೋರ್ಡು. ಪ್ರಿನ್ಸಿಪಾಲರು ಎರಡು ಹಾಳೆ ತಿರುವಿ, "ಇದನ್ನ ಯಾರದಾರ ನೋಟ್ಸ್ ನೋಡಿ ಬರಕೋಬಹುದು," ಎಂದು ಪಾಟೀಲ ಸರ್ ಕಡೆ ಸರಿಸಿದರು.

ಪಾಟೀಲ ಸರ್ ಓದತೊಡಗಿದರು. ಮೂಗು ಹಾಳೆಗೆ ತಾಗುವಷ್ಟು ಬಾಗಿ. ಒಂದು ಪುಟ, ಎರಡು ಪುಟ. ಒಂದು ಕಡೆ ಅವರ ಬೆರಳು ನಿಂತಿತು.

"ಈ ತಪ್ಪು ನಂದ್ರಿ," ಎಂದರು.

"ಯಾವುದು?"

"ಇಲ್ಲಿ ವರ್ಗಮೂಲ ತಪ್ಪು ತಗದಿದ್ದೆ. ಕೆಳಗ ಬಂದ ಮ್ಯಾಲೆ ಗೊತ್ತಾಗಿ, ಪೂರಾ ಅಳಿಸಿ, ಮತ್ತ ಮ್ಯಾಲಿಂದ ಮಾಡಿದೆ." ಇನ್ನೂ ನಾಲ್ಕು ಪುಟ ತಿರುವಿದರು. "ಇದೂ ಅಳಿಸಿದ್ದೆ. ಇದೂ."

ನಾವೆಲ್ಲ ಬುದ್ಧಿವಂತರು. ಸರ್ ಉತ್ತರಕ್ಕೆ ಅಡಿಗೆರೆ ಎಳೆಯುವವರೆಗೆ ಪೆನ್ನು ತೆರೆಯುತ್ತಿರಲಿಲ್ಲ. ನಮ್ಮ ನೋಟುಬುಕ್ಕಿನಲ್ಲಿ ಸರಿಯಾದ ಲೆಕ್ಕಗಳು ಮಾತ್ರ ಇದ್ದವು. ಕಸ್ತೂರಿಗೆ "ತಡೀರಿ, ತಪ್ಪಾತು" ಎಂಬ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಬೋರ್ಡಿನ ಮೇಲೆ ಒಂದು ನಿಮಿಷ ಇದ್ದು ಹೋದ ತಪ್ಪುಗಳೂ ಅವಳ ಪುಸ್ತಕದಲ್ಲಿದ್ದವು, ಮೇಲೊಂದು ಗೀರು ಹೊಡೆಸಿಕೊಂಡು, ಕೆಳಗೆ ಸರಿಯಾದದ್ದನ್ನು ಇಟ್ಟುಕೊಂಡು. ಎದುರಿಗೆ ಕುಳಿತವರಿಗಲ್ಲದೆ ಬೇರೆ ಯಾರಿಗೂ ಸಿಗದ ತಪ್ಪುಗಳು.

ಪಾಟೀಲ ಸರ್ ಪುಸ್ತಕ ಮುಚ್ಚಿದರು. ತಲೆ ಎತ್ತಿ, ಅವಳ ಕಡೆ ನೋಡಿ, ಮೀಸೆಯನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, "ನೀ ದಿನಾ ಬಂದೀಯವಾ. ನಾ ನೋಡಿಲ್ಲ," ಎಂದರು.

ಕಸ್ತೂರಿಯ ಹಾಲ್ ಟಿಕೆಟು ಉಳಿಯಿತು. ಅರ್ಧ ತಾಸು ಹೆಚ್ಚಿಗೆ ಕೊಡಲು ಮೇಲಿನವರಿಗೆ ಬರೆಯುವುದಾಗಿ ಹೇಳಿದರು. ಆ ಉತ್ತರ ಪರೀಕ್ಷೆ ಮುಗಿದ ಮೇಲೆ ಬಂತು. ನನ್ನ ಹನ್ನೆರಡು ಗಿರಾಕಿಗಳೂ ಪಟ್ಟಿಗೆ ಬಿದ್ದರು. ಗಿರ್ಮಿಟ್ಟಿನ ಅಂಗಡಿಯಲ್ಲಿ ನನ್ನನ್ನು ಕಂಡರೆ ಪ್ಲೇಟು ಹಿಡಿದು ಆ ಕಡೆ ತಿರುಗುತ್ತಿದ್ದರು. ಹದಿಮೂರನೆಯವನು ನಾನು. ಇಷ್ಟು ಜನರ ದನಿ ತೆಗೆದವನ ಸ್ವಂತ "ಪ್ರೆಸೆಂಟ್" ಯಾರದೆಂದು ನಂಬುವುದು ಎಂದು ಪ್ರಿನ್ಸಿಪಾಲರು ಕೇಳಿದರು. ಅಕ್ಟೋಬರಿನ ಪರೀಕ್ಷೆಗೆ ಬಾ ಎಂದರು.

ಉಳಿದ ಮೂರು ವಾರ ನಲವತ್ತೇಳು ಬಂದಾಗ ಪಾಟೀಲ ಸರ್ ತಲೆ ಎತ್ತಬೇಕು ಎಂದು ತೀರ್ಮಾನವಾಗಿತ್ತು. ಎರಡು ದಿನ ಎತ್ತಿದರು. ಮೂರನೇ ದಿನ ಮರೆತರು. ಕೆಟ್ಟತನವಲ್ಲ, ಕತ್ತು ಅಷ್ಟು ವರ್ಷದಿಂದ ಹಾಗೆಯೇ ಕೂತಿತ್ತು. ಕಸ್ತೂರಿ ಪೆನ್ನಿನ ಹೊಡೆತ ಎಣಿಸುವುದು ಬಿಟ್ಟು, ಹಾಜರಿ ಶುರುವಾದ ಕೂಡಲೇ ಎದ್ದು ಹೋಗಿ ಮೇಜಿನ ಪಕ್ಕ ನಿಲ್ಲುತ್ತಿದ್ದಳು. ಸರ್ ನೋಡುವವರೆಗೆ ನಿಲ್ಲುತ್ತಿದ್ದಳು. ಕೆಲವು ದಿನ ಅರುವತ್ತನೇ ನಂಬರು ದಾಟುತ್ತಿತ್ತು. ಹಿಂದಿನಿಂದ ನೋಡುತ್ತಿದ್ದ ನನ್ನ ಕಾಲೇ ನೋಯುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಹಾಲ್ ಟಿಕೆಟು ಇಲ್ಲದ ಸಂಗತಿಯನ್ನು ಮನೆಯಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಹಾಗಾಗಿ ಪರೀಕ್ಷೆಯ ಮೊದಲ ದಿನ ಪ್ಯಾಡು, ಎರಡು ಪೆನ್ನು ಹಿಡಿದು, ಅವ್ವ ಕೈಗಿಟ್ಟ ಸಕ್ಕರೆ ತಿಂದು, ನಾನೂ ಬಸ್ಸು ಹತ್ತಿದೆ. ಕಸ್ತೂರಿ ಒಳಗೆ ಬರೆದಳು. ನಾನು ಕಾಲೇಜಿನ ಎದುರಿನ ಚಾದಂಗಡಿಯಲ್ಲಿ ಮೂರು ತಾಸು ಕುಳಿತು ನೊಣ ಎಣಿಸಿದೆ. ಬಿಸಿಲು ಕೆಂಡದ ಹಾಗಿತ್ತು. ಗಂಟೆ ಹೊಡೆದ ಮೇಲೆ ಅವಳು ಬಂದಳು, ಕಣ್ಣು ಕೆಂಪು, ಬೆರಳಿಗೆ ಶಾಯಿ. ಇಬ್ಬರೂ ಬಸ್ಸು ಹತ್ತಿ ಕುಳಿತೆವು.

ನನಗೆ ಬೆಳಿಗ್ಗೆಯಿಂದ ಒಂದೇ ಚಿಂತೆ. "ಹಾಜರಿ ಹೆಂಗ ತಗೊಂಡ್ರು?" ಎಂದು ಕೇಳಿದೆ, ಬಾಯಿ ಬಿಟ್ಟು, ನಿಧಾನವಾಗಿ.

"ಕರೀಲೇ ಇಲ್ಲ," ಎಂದಳು. "ಒಂದ ಹಾಳಿ ತಂದು ಮುಂದ ಇಟ್ರು. ನನ್ನ ನಂಬರಿನ ಮುಂದ ಸಹಿ ಮಾಡಿದೆ."

"ಅಷ್ಟ?"

"ಅಷ್ಟ."

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು. ಅವಳು ನನ್ನ ಕಡೆ ತಿರುಗಿ, "ವರ್ಷಪೂರ್ತಿ ಹಂಗ ಮಾಡಾಕ ಬರತಿರಲಿಲ್ಲೇನೋ ಮಂಜ್ಯಾ?" ಎಂದು ಕೇಳಿದಳು.

ನಾನು ಪ್ರಿನ್ಸಿಪಾಲರಂತೆ ಗಂಟಲು ಸರಿಮಾಡಿಕೊಂಡು, "ನಿಯಮ ಅಂದ್ರ..." ಎಂದು ಶುರು ಮಾಡಿದೆ. ನಗಿಸಬೇಕೆಂದು. ಅಷ್ಟರಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಆ ವರ್ಷ ಅವಳು ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ಮಾತನ್ನು ಅರ್ಧಕ್ಕೇ ಬಿಟ್ಟು, ಧೂಳು ಬರದಂತೆ ಅವಳ ಪಕ್ಕದ ಗಾಜನ್ನು ಎಳೆದೆ.